ಹಳೇ ಲಾರಿಗೆ ಪವರ್ ಸ್ಟೇರಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಟಾಟಾ 1210, 1612, ಅಶೋಕ್ ಲೇಲ್ಯಾಂಡ್ ಕಾಮೆಟ್. ಈ ಹೆಸರು ಕೇಳಿದ ಕೂಡಲೇ ಭುಜ ನೋಯುವವರಿಗೆ ಈ ಪುಟ. ಹೆದ್ದಾರಿಯಲ್ಲಿ ಈ ಲಾರಿಗಳು ಈಗ ಅಪರೂಪ. ಆದರೆ ಕಲ್ಲು ಕ್ವಾರಿ, ಇಟ್ಟಿಗೆ ಭಟ್ಟಿ, ಕಬ್ಬಿನ ಗದ್ದೆ, ನೀರಿನ ಟ್ಯಾಂಕರ್ ಅಂತ ಇನ್ನೂ ದುಡಿಯುತ್ತಿವೆ. ನಾನು ಹೊಸಪೇಟೆ ಕಡೆಯ ಗ್ಯಾರೇಜಿನಲ್ಲಿ ಮುಂದಿನ ಆಕ್ಸಲ್ ಕೆಲಸವನ್ನೇ ಜಾಸ್ತಿ ಮಾಡಿದವನು. ಫೋನಿನಲ್ಲಿ, ಚಹಾದಂಗಡಿಯಲ್ಲಿ, ಗ್ಯಾರೇಜಿನ ಬಾಗಿಲಲ್ಲಿ ನಿಂತು ಜನ ಕೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

## ಮೊದಲು ತಿಳಿಯಬೇಕಾದ್ದು

"ನಮ್ದು 1210 ಐತ್ರಿ. ಪವರ್ ಸ್ಟೇರಿಂಗ್ ಹಾಕ್ಸಾಕ ಬರ್ತೈತೇನ್ರಿ?"

ಬರುತ್ತದೆ. 1210 ಅಂದರೆ ಒಟ್ಟು 12 ಟನ್ ತೂಕದ, 100 ಅಶ್ವಶಕ್ತಿ ಆಸುಪಾಸಿನ ಲಾರಿ. 1612 ಅಂದರೆ 16 ಟನ್, 120 ಅಶ್ವಶಕ್ತಿ. ಇದೇ ವಂಶದ ಮುಂದಿನ ಮಾಡೆಲ್‌ಗಳಿಗೆ ಕಂಪನಿಯೇ ಪವರ್ ಸ್ಟೇರಿಂಗ್ ಕೊಟ್ಟಿತು. ಹಾಗಾಗಿ ಹತ್ತಿರದ ಸಂಬಂಧಿಯ ಸಾಮಾನು ಸಿಗುತ್ತದೆ. ಕಾಮೆಟ್ಟಿಗೂ ಇದೇ ದಾರಿ, ಲೇಲ್ಯಾಂಡಿನ ಸಾಮಾನೇ ಹುಡುಕಬೇಕು ಅಷ್ಟೇ.

ಬೇಕಾಗುವುದು ಇಷ್ಟು: ಪವರ್ ಸ್ಟೇರಿಂಗ್ ಬಾಕ್ಸ್, ಅದರ ಡ್ರಾಪ್ ಆರ್ಮ್, ಪಂಪ್, ಆಯಿಲ್ ಟ್ಯಾಂಕ್, ಪ್ರೆಷರ್ ಹೋಸ್, ರಿಟರ್ನ್ ಹೋಸ್, ಚಾಸಿಗೆ ಕೂರುವ ಬ್ರಾಕೆಟ್, ಕಾಲಮ್ಮಿನ ಜಾಯಿಂಟ್. ಪಟ್ಟಿ ಚಿಕ್ಕದು. ಕೆಲಸ ಚಿಕ್ಕದಲ್ಲ.

"ಆಯಿಲ್ ಹೆಂಗೆ ಚಕ್ರ ತಿರುಗಿಸ್ತದೆ? ಒಳಗೆ ಏನಿರುತ್ತೆ?"

ಬಾಕ್ಸಿನ ಒಳಗೆ ಒಂದು ಪಿಸ್ಟನ್ ಇದೆ. ನೀವು ವೀಲ್ (ಕೈಯಲ್ಲಿ ಹಿಡಿಯುವ ಸ್ಟೇರಿಂಗ್ ವೀಲ್) ತಿರುಗಿಸಿದಾಗ ಮೊದಲು ತಿರುಚಿಕೊಳ್ಳುವುದು ಟಾರ್ಷನ್ ಬಾರ್ ಅನ್ನುವ ತೆಳು ಸಲಾಕೆ. ಟೈರು ತಡೆದಷ್ಟೂ ಅದು ಜಾಸ್ತಿ ತಿರುಚುತ್ತದೆ. ಆ ತಿರುಚಿಗೆ ವಾಲ್ವ್ ತೆರೆದು ಆಯಿಲ್ಲನ್ನು ಪಿಸ್ಟನ್ನಿನ ಒಂದು ಬದಿಗೆ ಬಿಡುತ್ತದೆ. ಪಿಸ್ಟನ್ ಸರಿಯುತ್ತದೆ. ಅದರ ಮೈಮೇಲಿನ ಹಲ್ಲು ಸೆಕ್ಟರ್ ಶಾಫ್ಟನ್ನು ತಿರುಗಿಸುತ್ತದೆ. ಶಾಫ್ಟಿನ ತುದಿಗೆ ಡ್ರಾಪ್ ಆರ್ಮ್ ಅನ್ನುವ ತೋಳು, ಅಲ್ಲಿಂದ ಡ್ರ್ಯಾಗ್ ಲಿಂಕ್ ಅನ್ನುವ ಉದ್ದ ರಾಡು, ಕೊನೆಗೆ ಚಕ್ರ.

ನಿಮ್ಮ ಕೈ ಹೇಳುತ್ತದೆ, ಆಯಿಲ್ ಮಾಡುತ್ತದೆ. ಆದರೂ ಕೈಯಿಂದ ಚಕ್ರದವರೆಗೆ ಕಬ್ಬಿಣದ ಸಂಬಂಧ ಕಡಿದಿರುವುದಿಲ್ಲ. ಹೋಸ್ ಒಡೆದರೂ ಲಾರಿ ತಿರುಗುತ್ತದೆ, ಸಿಕ್ಕಾಪಟ್ಟೆ ಕಷ್ಟಪಟ್ಟು.

"ಇದನ್ನ ಕಾರಿನೋರು ಕಂಡುಹಿಡಿದಿದ್ದಲ್ವಾ?"

ಕೆಲಸಕ್ಕೆ ಬರುವ ಹಾಗೆ ಮಾಡಿದ್ದು ಲಾರಿಯವನೇ. ಅಮೆರಿಕದ ಪಿಯರ್ಸ್ ಆರೋ ಕಂಪನಿಯ ಲಾರಿ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದ ಫ್ರಾನ್ಸಿಸ್ ಡೇವಿಸ್ ಕೆಲಸ ಬಿಟ್ಟು, ತಾನೇ ಕೂತು ಮಾಡಿದ್ದು. 1926ರಲ್ಲಿ ಓಡಿಸಿ ತೋರಿಸಿದ. ದುಬಾರಿ ಅಂತ ಕಾರಿನವರು ಕೈಬಿಟ್ಟರು. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಭಾರಿ ಗಾಡಿಗಳಿಗೆ ಹತ್ತಿತು. ಮಾರಾಟದ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ.

"ಖಾಲಿ ಇದ್ದಾಗ ಪರ್ವಾಗಿಲ್ಲ ಸಾರ್. ಜಲ್ಲಿ ತುಂಬಿದ ಮೇಲೆ ನಿಂತಲ್ಲಿ ಹಂದಾಡಲ್ಲ. ಯಾಕೆ?"

ನಿಂತ ಲಾರಿಯ ಚಕ್ರ ತಿರುಗಿಸುವುದು ಅಂದರೆ ಟೈರನ್ನು ನೆಲಕ್ಕೆ ಉಜ್ಜುವುದು. ಭಾರ ಏರಿದಂತೆ ಟೈರು ನೆಲಕ್ಕೆ ತಾಗುವ ಜಾಗವೂ ಅಗಲವಾಗುತ್ತದೆ. ಹಾಗಾಗಿ ಭಾರ ಎರಡು ಪಟ್ಟಾದರೆ ಬೇಕಾಗುವ ಬಲ ಎರಡು ಪಟ್ಟಲ್ಲ, ಸುಮಾರು 2.8 ಪಟ್ಟು.

ಅಂದಾಜು ಲೆಕ್ಕ ಹಾಕೋಣ. ಮುಂದಿನ ಆಕ್ಸಲ್ ಮೇಲೆ 5 ಟನ್, ಟೈರಿನ ಗಾಳಿ 100 ಪೌಂಡ್, ಒಣ ಸಿಮೆಂಟು ನೆಲ. ಸ್ಟೇರಿಂಗ್ ಬಾಕ್ಸ್ 30ಕ್ಕೆ 1, ಅಂದರೆ ವೀಲ್ 30 ಸುತ್ತು ಸುತ್ತಿದರೆ ಸೆಕ್ಟರ್ ಶಾಫ್ಟ್ ಒಂದು ಸುತ್ತು ಅನ್ನುವ ಲೆಕ್ಕ. ವೀಲ್ 55 ಸೆಂಟಿಮೀಟರ್ ಅಗಲ. ಆಗ ರಿಮ್ಮಿನ ಮೇಲೆ ಬೇಕಾಗುವ ಎಳೆತ ಸುಮಾರು 55 ಕಿಲೋ. ಒಂದು ಸಿಮೆಂಟ್ ಚೀಲಕ್ಕಿಂತ ಜಾಸ್ತಿ, ಅದೂ ಕೂತಲ್ಲಿಂದ. ಅದೇ ಲಾರಿ ಖಾಲಿಯಾಗಿ ಮುಂದೆ 2.8 ಟನ್ ಇದ್ದರೆ 23 ಕಿಲೋ ಸಾಕು. ಚಕ್ರ ಸ್ವಲ್ಪ ಉರುಳುತ್ತಿದ್ದರೂ ಈ ಬಲ ಧಾರಾಳವಾಗಿ ಇಳಿಯುತ್ತದೆ. ಹಳೇ ಡ್ರೈವರುಗಳು ನಿಂತಲ್ಲಿ ವೀಲ್ ತಿರುಗಿಸದೆ, ಗಾಡಿಯನ್ನು ಒಂದಡಿಯಾದರೂ ಸರಿಸಿಕೊಂಡು ತಿರುಗಿಸುವುದು ಅದಕ್ಕೇ.

ಗಾಳಿಯನ್ನೂ ಮರೆಯಬೇಡಿ. 100 ಪೌಂಡ್ ಇರಬೇಕಾದ ಕಡೆ 70 ಇದ್ದರೆ ಸ್ಟೇರಿಂಗ್ ಸುಮಾರು 20 ಪರ್ಸೆಂಟ್ ಭಾರವಾಗುತ್ತದೆ.

"ನನಗೆ ನಿಜವಾಗ್ಲೂ ಪವರ್ ಸ್ಟೇರಿಂಗ್ ಬೇಕಾ, ಇಲ್ಲ ರಿಪೇರಿ ಸಾಕಾ? ಹೆಂಗೆ ಗೊತ್ತಾಗೋದು?"

ಇಡೀ ಪುಟದಲ್ಲಿ ಒಂದೇ ಉತ್ತರ ಓದುತ್ತೀರಾದರೆ ಇದನ್ನು ಓದಿ. ನನ್ನ ಹತ್ತಿರ ಪವರ್ ಸ್ಟೇರಿಂಗ್ ಕೇಳಿಕೊಂಡು ಬಂದವರಲ್ಲಿ ಸುಮಾರು ಅರ್ಧ ಜನಕ್ಕೆ ಬೇಕಾಗಿದ್ದು ಕಿಂಗ್ ಪಿನ್ನಿಗೆ, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ನಿಂತ ಪಿನ್ನಿಗೆ, ಗ್ರೀಸು.

ಹೀಗೆ ನೋಡಿ. ಸಮತಟ್ಟಾದ ನೆಲದಲ್ಲಿ ಲಾರಿ ನಿಲ್ಲಿಸಿ. ಹಿಂದಿನ ಚಕ್ರಕ್ಕೆ ಮುಂದೆಯೂ ಹಿಂದೆಯೂ ಕಲ್ಲು ಕೊಡಿ. ಮುಂದಿನ ಆಕ್ಸಲ್ಲನ್ನು ಜಾಕಿನಲ್ಲಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಒಳಗೆ ತೂರಬೇಡಿ. ಈಗ ಟೈರು ನೆಲಕ್ಕೆ ತಾಗಿಲ್ಲ. ವೀಲ್ ತಿರುಗಿಸಿ. ಈ ತುದಿಯಿಂದ ಆ ತುದಿವರೆಗೆ ಒಂದೇ ಕೈಯಲ್ಲಿ ಸಲೀಸಾಗಿ ಹೋಗಬೇಕು. ಹೋಗಲಿಲ್ಲವೇ? ಹಾಗಾದರೆ ದೋಷ ಭಾರದ್ದಲ್ಲ, ಕಬ್ಬಿಣದ್ದು.

ಯಾವ ಕಬ್ಬಿಣ ಅಂತ ಹಿಡಿಯಲು ಡ್ರ್ಯಾಗ್ ಲಿಂಕಿನ ಒಂದು ತುದಿ ಬಿಚ್ಚಿ. ವೀಲ್ ಒಂದನ್ನೇ ತಿರುಗಿಸಿದಾಗ ಬಿಗಿ ಇದ್ದರೆ ಬಾಕ್ಸ್ ಅಥವಾ ಕಾಲಮ್ ಬುಷ್ ಕೆಟ್ಟಿದೆ. ಬಾಕ್ಸ್ ಹಗುರ ಇದ್ದು, ಟೈರನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿದಾಗ ಬಿಗಿ ಇದ್ದರೆ ಕಿಂಗ್ ಪಿನ್ ಬುಷ್ ಅಥವಾ ಅದರ ಕೆಳಗಿನ ಥ್ರಸ್ಟ್ ಬೇರಿಂಗ್. ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆಯುವಾಗಲೂ ಚಕ್ರ ಹೀಗೇ ಎತ್ತಿರಬೇಕು. ನೆಲದ ಮೇಲೆ ನಿಂತಾಗ ಭಾರ ಬಿದ್ದ ಕಡೆ ಸಂದಿಯೇ ಇರುವುದಿಲ್ಲ, ಗ್ರೀಸ್ ಬೇಡದ ಕಡೆಯಿಂದ ಹೊರಗೆ ಬರುತ್ತದೆ. ಗನ್ ಹಿಡಿದವನು 'ಆಯ್ತು ಅಣ್ಣ' ಅಂತಾನೆ. ಪಿನ್ ಒಣಗಿಯೇ ಇರುತ್ತದೆ.

ಎಲ್ಲ ಸರಿ ಮಾಡಿದ ಮೇಲೆ ಲೋಡ್ ಹಾಕಿ ನಿಲ್ಲಿಸಿ. ರಿಮ್ಮಿಗೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ತಕ್ಕಡಿ 25 ಕಿಲೋ ಒಳಗೆ ತೋರಿಸಿದರೆ ದುಡ್ಡು ಉಳಿಸಿ. 40 ದಾಟಿದರೆ, ಅದೂ ಇಕ್ಕಟ್ಟಿನ ಕ್ವಾರಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ಹಿಂದೆ ಮುಂದೆ ಮಾಡುವ ಗಾಡಿಯಾದರೆ, ಮುಂದಕ್ಕೆ ಓದಿ.

"ದೊಡ್ಡ ವೀಲ್ ಹಾಕಿದ್ರೆ ಸಾಕಲ್ವಾ?"

55 ಸೆಂಟಿಮೀಟರಿನಿಂದ 60ಕ್ಕೆ ಹೋದರೆ ಉಳಿಯುವುದು ಎಂಟು ಪರ್ಸೆಂಟ್ ಶ್ರಮ. ಹೊಟ್ಟೆಗೆ ತಾಗುತ್ತದೆ, ಹತ್ತಿ ಇಳಿಯುವುದು ಕಷ್ಟ. ಬೇಡ.

## ಸಾಮಾನು ಮತ್ತು ಕೂರಿಸುವ ಕೆಲಸ

"ಗುಜರೀಲಿ ಒಂದು ಬಾಕ್ಸ್ ಸಿಕ್ಕಿದೆ. ಹಾಕಿಸ್ಲಾ?"

ಯಾವ ಗಾಡಿಯದ್ದು ಅಂತ ಮೊದಲು ಕೇಳಿ. ನಮ್ಮ ಕಡೆ ಸಿಗುವ ಲಾರಿ ಬಾಕ್ಸುಗಳು ಹೆಚ್ಚಾಗಿ ರಾಣೆ ಅಥವಾ ಜೆಡ್‌ಎಫ್. ಎರಡೂ ಒಳ್ಳೆಯವೇ. ತೊಂದರೆ ಬರುವುದು ಹೆಸರಿನಿಂದಲ್ಲ, ಹೊಂದಾಣಿಕೆಯಿಂದ. ಬಸ್ಸಿನ ಬಾಕ್ಸ್, ಟಿಪ್ಪರಿನ ಬಾಕ್ಸ್, ಸಣ್ಣ ಟಾಟಾ 407ರ ಬಾಕ್ಸ್ ಹೊರಗಿಂದ ಅಣ್ಣತಮ್ಮಂದಿರಂತೆ ಕಾಣುತ್ತವೆ. ಒಳಗಿನ ಪಿಸ್ಟನ್ ಗಾತ್ರ ಬೇರೆ, ತಿರುಗುವ ದಿಕ್ಕೂ ಬೇರೆ ಇರಬಹುದು.

ದಿಕ್ಕಿನ ವಿಷಯದಲ್ಲಿ ನಾನೇ ಒಮ್ಮೆ ಏಮಾರಿದ್ದೇನೆ. ಬಾಕ್ಸ್ ಕೂರಿಸಿ, ಆಯಿಲ್ ಹಾಕಿ, ಎಂಜಿನ್ ಚಾಲೂ ಮಾಡಿ ವೀಲನ್ನು ಬಲಕ್ಕೆ ತಿರುಗಿಸಿದೆ. ಟೈರು ಎಡಕ್ಕೆ ಹೊರಳಿತು. ಕ್ಲೀನರ್ ಹುಡುಗ ನಕ್ಕ. ನನಗೆ ಬೆನ್ನು ತಣ್ಣಗಾಯಿತು. ಗಾಡಿ ಸ್ಟ್ಯಾಂಡ್ ಮೇಲಿತ್ತು, ಬಚಾವಾದೆವು. ಅಂದಿನಿಂದ ಅಂಗಡಿಯಲ್ಲೇ ಬಾಕ್ಸನ್ನು ಲಾರಿಯಲ್ಲಿ ಕೂರುವ ಹಾಗೇ ಹಿಡಿದು, ಇನ್‌ಪುಟ್ ಶಾಫ್ಟ್ ತಿರುಗಿಸಿ, ಸೆಕ್ಟರ್ ಶಾಫ್ಟ್ ಯಾವ ಕಡೆ ಹೋಗುತ್ತದೆ ಅಂತ ಹಳೇ ಬಾಕ್ಸಿನ ಜೊತೆ ತಾಳೆ ನೋಡದೆ ದುಡ್ಡು ಕೊಡುವುದಿಲ್ಲ.

ಬಾಕ್ಸಿನ ತಗಡಿನ ಮೇಲೆ ಭಾಗದ ನಂಬರ್ ಮತ್ತು ಗರಿಷ್ಠ ಒತ್ತಡ ಅಚ್ಚಾಗಿರುತ್ತದೆ. ತಗಡು ಕಿತ್ತಿದ್ದರೆ ತಗೋಬೇಡಿ. ಸೆಕ್ಟರ್ ಶಾಫ್ಟಿನ ಹಲ್ಲು ಮುಕ್ಕಾಗಿದ್ದರೂ ಬೇಡ. ಸೀಲ್ ಸೋರುವುದು ದೊಡ್ಡ ವಿಷಯವಲ್ಲ, ಹೇಗಿದ್ದರೂ ಸೀಲ್ ಕಿಟ್ ಹೊಸದು ಹಾಕಿಸಲೇಬೇಕು. ಆದಷ್ಟೂ ಬಾಕ್ಸ್, ಡ್ರಾಪ್ ಆರ್ಮ್, ಬ್ರಾಕೆಟ್, ಪಂಪ್ ಒಂದೇ ಗಾಡಿಯಿಂದ ಇಳಿಸಿದ ಸೆಟ್ ತನ್ನಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿ ಸಾಮಾನು ಸಿಗಬಹುದು, ಆದರೆ ಒಂದೊಂದಾಗಿ ಕೂಡಿಸಿದ ಸೆಟ್ಟು ಲೇತಿನವನ ಹೊಟ್ಟೆ ತುಂಬಿಸುತ್ತದೆ.

"ಪಂಪ್ ಎಷ್ಟು ದೊಡ್ಡದು ಬೇಕು, ಎಲ್ಲಿ ಕೂರಿಸೋದು?"

ಗಾತ್ರದ ಲೆಕ್ಕ ಕಷ್ಟವೇನಿಲ್ಲ. 90 ಮಿಲಿಮೀಟರ್ ಪಿಸ್ಟನ್ ಈ ತುದಿಯಿಂದ ಆ ತುದಿಗೆ ಸುಮಾರು 100 ಮಿಲಿಮೀಟರ್ ಸರಿಯುತ್ತದೆ ಅಂದುಕೊಳ್ಳಿ. ಅಂದರೆ 640 ಸಿಸಿ ಆಯಿಲ್. ಡ್ರೈವರ್ ಅವಸರದಲ್ಲಿ ಮೂರು ಸೆಕೆಂಡಿನಲ್ಲಿ ಪೂರ್ತಿ ತಿರುಗಿಸಿದರೆ ನಿಮಿಷಕ್ಕೆ 13 ಲೀಟರ್ ಹತ್ತಿರ ಬೇಕು. ಒಂದು ಸುತ್ತಿಗೆ 16 ಸಿಸಿ ಕೊಡುವ ಪಂಪ್, ಎಂಜಿನ್ ವೇಗದಲ್ಲೇ ತಿರುಗಿದರೆ, ನಿಮಿಷಕ್ಕೆ 650 ಸುತ್ತಿನ ಐಡಲ್‌ನಲ್ಲಿ ಕೊಡುವುದು 10 ಲೀಟರ್ ಚಿಲ್ಲರೆ. ಸ್ವಲ್ಪ ರೇಸ್ ಕೊಟ್ಟರೆ ಸರಿಹೋಗುತ್ತದೆ. ಕಾರಿನ ಪಂಪ್ ತಂದರೆ ಇದರ ಹತ್ತಿರವೂ ಬರುವುದಿಲ್ಲ. ಅರ್ಧ ತಿರುಗಿಸಿದಾಗ ವೀಲ್ ಗಕ್ಕನೆ ಹಿಡಿದ ಹಾಗಾಗುತ್ತದೆ.

ಜಾಗದ ಮಾತು. ಕೆಲವು ಎಂಜಿನ್‌ಗಳಲ್ಲಿ ಏರ್ ಕಂಪ್ರೆಸರಿನ ಹಿಂಬದಿಗೇ ಪಂಪ್ ಕೂರಿಸುವ ಮುಖ ಇರುತ್ತದೆ. ಇದ್ದರೆ ಬೇರೆ ಯೋಚನೆಯೇ ಬೇಡ, ಗೇರಿನಿಂದ ತಿರುಗುವ ಪಂಪಿಗೆ ಜಾರುವ ಭಯವಿಲ್ಲ. ಇಲ್ಲದಿದ್ದರೆ ಕ್ರ್ಯಾಂಕ್ ಪುಲ್ಲಿಯಿಂದ ಬೆಲ್ಟ್. ಆಗ ಎರಡು ಬೆಲ್ಟ್ ಹಾಕಿ, ಪುಲ್ಲಿಗಳು ಒಂದೇ ಗೆರೆಯಲ್ಲಿರಲಿ, ಬ್ರಾಕೆಟ್ ದಪ್ಪ ಪ್ಲೇಟಿನದ್ದಾಗಲಿ. ಬ್ರಾಕೆಟ್ ನಡುಗಿದರೆ ಬೆಲ್ಟ್ ಹಾರುತ್ತದೆ, ಅದು ಹಾರುವುದು ತಿರುವಿನಲ್ಲೇ.

ಟ್ಯಾಂಕ್ ಪಂಪಿಗಿಂತ ಮೇಲಿರಲಿ. ಪಂಪಿನಿಂದ ಬಾಕ್ಸಿಗೆ ಹೋಗುವ ಹೋಸು ಎರಡು ಪದರ ತಂತಿ ಹೆಣೆದದ್ದೇ ಆಗಬೇಕು. ಈ ಬಾಕ್ಸುಗಳು 100ರಿಂದ 150 ಬಾರ್ ಒತ್ತಡದಲ್ಲಿ ಕೆಲಸ ಮಾಡುತ್ತವೆ. ಸೈಲೆನ್ಸರ್ ಪೈಪಿನ ಹತ್ತಿರ ಹೋಸು ಸುಳಿಯಬಾರದು.

"ಹಳೇ ಡ್ರಾಪ್ ಆರ್ಮನ್ನೇ ಕತ್ತರಿಸಿ ವೆಲ್ಡ್ ಮಾಡಿಕೊಡ್ತೀನಿ ಅಂತಾನೆ ಮೇಸ್ತ್ರಿ. ಗಟ್ಟಿ ಇರುತ್ತಲ್ವಾ?"

ಬೇಡ. ಆ ಮೇಸ್ತ್ರಿ ಹತ್ತಿರ ಬಾಡಿ ಕೆಲಸ ಮಾಡಿಸಿ, ಸ್ಟೇರಿಂಗ್ ಮುಟ್ಟಿಸಬೇಡಿ.

ಡ್ರಾಪ್ ಆರ್ಮ್ ಬಡಿದು ಮಾಡಿದ ಉಕ್ಕು. ಶಾಖ ಕೊಟ್ಟು ಹದ ಮಾಡಿರುತ್ತಾರೆ. ವೆಲ್ಡಿಂಗಿನ ಬಿಸಿಗೆ ಪಕ್ಕದ ಉಕ್ಕಿನ ಹದ ಹೋಗುತ್ತದೆ. ಹೊಲಿಗೆ ಗಟ್ಟಿಯಾಗಿಯೇ ಕಾಣುತ್ತದೆ, ಬಿರುಕು ಬಿಡುವುದು ಹೊಲಿಗೆಯ ಅಂಚಿನಲ್ಲಿ. ಪವರ್ ಸ್ಟೇರಿಂಗ್ ಹಾಕಿದ ಮೇಲೆ ಇದು ಇನ್ನೂ ಅಪಾಯ. ಮುಂಚೆ ಆ ಆರ್ಮಿಗೆ ಬೀಳುತ್ತಿದ್ದದ್ದು ಮನುಷ್ಯನ ತೋಳಿನ ಬಲ. ಈಗ ಟೈರು ಕಲ್ಲಿಗೆ ಸಿಕ್ಕಿಕೊಂಡರೂ ಆಯಿಲ್ ಪೂರ್ತಿ ಒತ್ತಡದಲ್ಲಿ ನೂಕುತ್ತದೆ. ಡ್ರೈವರಿಗೆ ಗೊತ್ತೂ ಆಗುವುದಿಲ್ಲ. ಡ್ರ್ಯಾಗ್ ಲಿಂಕ್, ಟೈ ರಾಡ್, ಸ್ಟೇರಿಂಗ್ ಆರ್ಮ್ ಎಲ್ಲದಕ್ಕೂ ಇದೇ ಮಾತು. ಉದ್ದ ಬೇರೆ ಬೇಕಾದರೆ ಬೇರೆ ಮಾಡೆಲಿನ ಪೂರ್ತಿ ಭಾಗ ಹುಡುಕಿ.

ಚಾಸಿಗೆ ಬಾಕ್ಸ್ ಕೂರಿಸುವುದೂ ವೆಲ್ಡಿಂಗಿನಿಂದಲ್ಲ, ಬೋಲ್ಟಿನಿಂದ. ಹೊಸ ತೂತು ಕೊರೆಯುವುದಾದರೆ ಚಾಸಿಯ ನಿಂತ ಗೋಡೆಯಲ್ಲಿ ಕೊರೆಯಿರಿ, ಮೇಲಿನ ಕೆಳಗಿನ ತುಟಿಯಲ್ಲಿ ಬೇಡ.

"ಗುಂಡಿಗೆ ಬಿದ್ರೆ ಸ್ಟೇರಿಂಗ್ ತಾನಾಗೇ ಎಳೀತದೆ ಮಾರಾಯ್ರೆ. ಮುಂಚೆ ಹೀಗೆ ಇರ್ಲಿಲ್ಲ."

ಬಾಕ್ಸ್ ಕೂತ ಜಾಗ ತಪ್ಪಿದೆ. ಗುಂಡಿಯಲ್ಲಿ ಆಕ್ಸಲ್ ನೇರಕ್ಕೆ ಮೇಲೆ ಹೋಗುವುದಿಲ್ಲ, ಸ್ಪ್ರಿಂಗ್ ಪ್ಲೇಟ್ ಹೇಳಿದ ಹಾಗೆ ಒಂದು ಬಿಲ್ಲಿನ ಗೆರೆಯಲ್ಲಿ ಹೋಗುತ್ತದೆ. ಡ್ರ್ಯಾಗ್ ಲಿಂಕೂ ತನ್ನದೇ ಬಿಲ್ಲಿನಲ್ಲಿ ಆಡುತ್ತದೆ. ಕಂಪನಿಯವರು ಈ ಎರಡೂ ಹೆಚ್ಚುಕಡಿಮೆ ಒಂದಾಗುವ ಹಾಗೆ ಡ್ರಾಪ್ ಆರ್ಮಿನ ತುದಿಯ ಜಾಗ ಹುಡುಕಿರುತ್ತಾರೆ. ನೀವು ಜಾಗ ಸಿಗಲಿಲ್ಲ ಅಂತ ಬಾಕ್ಸನ್ನು ನಾಲ್ಕು ಇಂಚು ಮುಂದೆ, ಎರಡು ಇಂಚು ಕೆಳಗೆ ಇಟ್ಟರೆ ಲೆಕ್ಕ ಕೆಟ್ಟಿತು.

ಹಾಗಾಗಿ ಹಳೇ ಬಾಕ್ಸ್ ಬಿಚ್ಚುವ ಮೊದಲೇ ಅಳತೆ ತಗೊಳ್ಳಿ. ಚಕ್ರ ನೇರ ಇಟ್ಟು, ಡ್ರಾಪ್ ಆರ್ಮಿನ ಬಾಲ್ ಚಾಸಿಯ ಯಾವ ರಿವೆಟ್ಟಿನಿಂದ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ ಅಂತ ಚಾಸಿ ಮೇಲೇ ಸೀಮೆಸುಣ್ಣದಲ್ಲಿ ಬರೆಯಿರಿ. ಹೊಸ ಬಾಕ್ಸ್ ಎಲ್ಲಿ ಬೇಕಾದರೂ ಇರಲಿ, ಆ ಬಾಲ್ ಮಾತ್ರ ಅಲ್ಲೇ ಬರಬೇಕು. ಪರೀಕ್ಷೆ ಸುಲಭ: ಒಬ್ಬ ವೀಲ್ ಅಲುಗದಂತೆ ಹಿಡಿಯಲಿ, ಇನ್ನೊಬ್ಬ ಚಾಸಿಯನ್ನು ಜಾಕಿನಲ್ಲಿ ಎತ್ತಿ ಇಳಿಸಲಿ. ಟೈರು ಕಣ್ಣಿಗೆ ಕಾಣುವಷ್ಟು ಹೊರಳಿದರೆ ಬ್ರಾಕೆಟ್ ಮತ್ತೆ ಮಾಡಿಸಿ.

"ಎಲೆಕ್ಟ್ರಿಕ್ ಬರುತ್ತಲ್ಲ ಈಗ, ಕಾರಿಂದು? ಅದನ್ನೇ ಹಾಕಬಹುದಾ?"

ಆಗುವುದಿಲ್ಲ. ಲೋಡ್ ಲಾರಿಯ ಚಕ್ರ ನಿಂತಲ್ಲಿ ತಿರುಗಿಸಲು ಆಯಿಲ್ಲಿನ ರೂಪದಲ್ಲೇ 2 ಕಿಲೋವ್ಯಾಟ್ ಹತ್ತಿರ ಬೇಕು. ಮೋಟರಿನ ನಷ್ಟ ಸೇರಿಸಿದರೆ 24 ವೋಲ್ಟಿನಲ್ಲೂ 120 ಆಂಪಿಯರ್ ಎಳೆಯುತ್ತದೆ. ನಿಮ್ಮ ಹಳೇ ಆಲ್ಟರ್ನೇಟರಿಗೆ ಹೆಡ್‌ಲೈಟ್ ಉರಿಸುವುದೇ ದೊಡ್ಡ ಕೆಲಸ, ಅಲ್ವಾ?

"ಒಟ್ಟು ಎಷ್ಟಾಗ್ಬಹುದು?"

ಊರಿಗೊಂದು ರೇಟು, ಹಾಗಾಗಿ ಸಂಖ್ಯೆ ಹೇಳುವುದಿಲ್ಲ. ಜನ ಬಾಕ್ಸ್, ಪಂಪಿನ ದುಡ್ಡು ಮಾತ್ರ ಲೆಕ್ಕ ಹಾಕುತ್ತಾರೆ. ಕಿಂಗ್ ಪಿನ್ ಸೆಟ್, ಟೈ ರಾಡ್ ಎಂಡ್, ಸೀಲ್ ಕಿಟ್, ಹೋಸು, ಲೇತ್, ಅಲೈನ್‌ಮೆಂಟ್, ಗಾಡಿ ನಿಂತ ದಿನಗಳ ಬಾಡಿಗೆ, ಇವೆಲ್ಲ ಸೇರಿ ಅದರಷ್ಟೇ ಆಗುತ್ತದೆ. ಎರಡು ಪಟ್ಟು ಕೈಯಲ್ಲಿಟ್ಟುಕೊಂಡು ಇಳಿಯಿರಿ.

## ಚಾಲೂ ಆದ ಮೇಲೆ

"ಯಾವ ಆಯಿಲ್? ಗಾಳಿ ತೆಗೆಯೋದು ಹೆಂಗೆ?"

ಬಾಕ್ಸಿನವರು ಬೇರೆ ಹೇಳದಿದ್ದರೆ ಕೆಂಪು ಎಟಿಎಫ್ ಆಯಿಲ್, ಅಂದರೆ ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್. ಹೋಸು ಸೇರಿ ಮೂರು ನಾಲ್ಕು ಲೀಟರ್ ಹಿಡಿಯುತ್ತದೆ. ಬ್ರೇಕ್ ಆಯಿಲ್ ಅಪ್ಪಿತಪ್ಪಿಯೂ ಬೇಡ, ಸೀಲುಗಳು ಉಬ್ಬಿ ಹಾಳಾಗುತ್ತವೆ.

ಮುಂದಿನ ಚಕ್ರ ಎತ್ತಿ. ಟ್ಯಾಂಕ್ ತುಂಬಿ. ಎಂಜಿನ್ ಹತ್ತದ ಹಾಗೆ ಸ್ಟಾರ್ಟರ್ ಎರಡು ಮೂರು ಸಲ ಚಿಕ್ಕದಾಗಿ ಹೊಡೆಯಿರಿ, ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ. ಆಮೇಲೆ ಎಂಜಿನ್ ಐಡಲ್‌ನಲ್ಲಿ ಬಿಟ್ಟು ವೀಲನ್ನು ನಿಧಾನಕ್ಕೆ ಈ ತುದಿಯಿಂದ ಆ ತುದಿಗೆ ಎಂಟು ಹತ್ತು ಸಲ ತಿರುಗಿಸಿ. ತುದಿಯಲ್ಲಿ ಒತ್ತಿ ಹಿಡಿಯಬೇಡಿ. ಒಬ್ಬ ಟ್ಯಾಂಕಿನ ಹತ್ತಿರವೇ ನಿಂತು ಆಯಿಲ್ ಹಾಕುತ್ತಿರಲಿ. ಟ್ಯಾಂಕಿನಲ್ಲಿ ಗುಲಾಬಿ ನೊರೆ ಕಂಡರೆ ಎಂಜಿನ್ ಆಫ್ ಮಾಡಿ, ಅರ್ಧ ಗಂಟೆ ಚಹಾ ಕುಡಿದು ಬನ್ನಿ. ನೊರೆ ಹೋಗುವವರೆಗೆ ಇದೇ ಕೆಲಸ. ಮೊದಲ ಸಾವಿರ ಕಿಲೋಮೀಟರಿಗೆ ಟ್ಯಾಂಕಿನ ಫಿಲ್ಟರ್ ಬದಲಿಸಿ, ಹಳೇ ಬಾಕ್ಸಿನ ಕಸವೆಲ್ಲ ಅಲ್ಲಿ ಬಂದಿರುತ್ತದೆ.

"ಪೂರ್ತಿ ತಿರುಗಿಸಿ ಹಿಡಿದ್ರೆ ಕುಂಯ್ ಅಂತದೆ. ಬಾಕ್ಸ್ ಹೋಯ್ತಾ?"

ಹೋಗಿಲ್ಲ, ಹಾಗೇ ಹಿಡಿದರೆ ಹೋಗುತ್ತದೆ. ಚಕ್ರ ಕೊನೆಗೆ ತಾಗಿದ ಮೇಲೂ ಪಂಪ್ ನೂಕುತ್ತಲೇ ಇರುತ್ತದೆ. ಆಯಿಲ್, ಹೆಚ್ಚಿನ ಒತ್ತಡ ಹೊರಬಿಡುವ ರಿಲೀಫ್ ವಾಲ್ವಿನ ಸಂದಿಯಲ್ಲಿ ನುಸುಳಿ ಕುದಿಯುವಷ್ಟು ಬಿಸಿಯಾಗುತ್ತದೆ. ಐದು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ. ಇದಕ್ಕೆ ಮದ್ದೂ ಇದೆ. ತುಂಬಾ ಬಾಕ್ಸುಗಳಲ್ಲಿ ಒತ್ತಡ ಇಳಿಸುವ ಲಿಮಿಟ್ ವಾಲ್ವ್ ಇರುತ್ತದೆ. ಆಕ್ಸಲ್ಲಿನ ಸ್ಟಾಪ್ ಬೋಲ್ಟಿಗೆ ತಾಗುವ ಸುಮಾರು 3 ಮಿಲಿಮೀಟರ್ ಮೊದಲೇ ಅದು ತೆರೆಯುವಂತೆ ಹೊಂದಿಸಬೇಕು.

ತಿರುಗಿಸದೆ ಇದ್ದಾಗಲೂ ಕುಂಯ್ ಅಂದರೆ ಬೇರೆ ಕಥೆ: ಆಯಿಲ್ ಕಡಿಮೆ, ಇಲ್ಲವೇ ಟ್ಯಾಂಕಿನಿಂದ ಪಂಪಿಗೆ ಬರುವ ಹೋಸಿನ ಕ್ಲಿಪ್ಪಿನಲ್ಲಿ ಗಾಳಿ ಎಳೆಯುತ್ತಿದೆ.

"ಬಲಕ್ಕೆ ಬೆರಳಲ್ಲಿ ತಿರುಗುತ್ತೆ, ಎಡಕ್ಕೆ ಬಿಗಿ."

ಪಂಪ್ ಒಂದೇ, ಎರಡೂ ಕಡೆಗೆ ಅದೇ. ಹಾಗಾಗಿ ಪಂಪನ್ನು ಬೈಯಬೇಡಿ. ಬಾಕ್ಸಿನ ಒಳಗೆ ಒಂದು ಬದಿಯ ಸೀಲ್ ಬಿಟ್ಟಿದೆ ಅಥವಾ ವಾಲ್ವ್ ನಡುವಿಗೆ ಕೂತಿಲ್ಲ. ಬಾಕ್ಸ್ ಬಲ್ಲವರಿಗೇ ಕೊಡಿ. ವಾಲ್ವಿನ ಸಂದಿ ಕೂದಲೆಳೆಯ ಲೆಕ್ಕದ್ದು, ಸುತ್ತಿಗೆ ಕೆಲಸ ಅಲ್ಲ.

"ತಿರುವು ಆದ್ಮೇಲೆ ವೀಲ್ ತಾನಾಗಿ ವಾಪಸ್ ಬರ್ತಾ ಇಲ್ಲ. ಹೈವೇಲಿ ಅಲೆದಾಡ್ತದೆ."

ಇದು ತುಂಬಾ ಜನರ ದೂರು. ಕಾರಣ ಕ್ಯಾಸ್ಟರ್, ಅಂದರೆ ಕಿಂಗ್ ಪಿನ್ನಿನ ತಲೆ ಹಿಂದಕ್ಕೆ ವಾಲಿರುವ ಕೋನ. ಅದು ಜಾಸ್ತಿ ಇದ್ದಷ್ಟೂ ಚಕ್ರ ನೇರಕ್ಕೆ ಬರಲು ಎಳೆಯುತ್ತದೆ, ಸ್ಟೇರಿಂಗೂ ಭಾರವಾಗುತ್ತದೆ. ಕೈಯಲ್ಲಿ ತಿರುಗಿಸುವ ಲಾರಿಗಳಿಗೆ ಅದಕ್ಕೇ ಕ್ಯಾಸ್ಟರ್ ಕಡಿಮೆ ಇಡುತ್ತಿದ್ದರು. ಪವರ್ ಬಾಕ್ಸಿನ ಒಳಗಿನ ಉಜ್ಜಾಟ ಮೀರಿ ಚಕ್ರ ವಾಪಸ್ ಬರಬೇಕಾದರೆ ಅಷ್ಟು ಕ್ಯಾಸ್ಟರ್ ಸಾಲದು.

ಆಕ್ಸಲ್ ಮತ್ತು ಸ್ಪ್ರಿಂಗ್ ಪ್ಲೇಟಿನ ನಡುವೆ ಬೆಣೆಯಂಥ ಓರೆ ಪ್ಲೇಟ್ ಇಡುತ್ತಾರೆ. ಆಕ್ಸಲ್ ಸ್ಪ್ರಿಂಗಿನ ಕೆಳಗಿರುವ ಲಾರಿಯಲ್ಲಿ ದಪ್ಪ ತುದಿ ಹಿಂದಕ್ಕೆ ಬರಬೇಕು, ಎರಡೂ ಬದಿಗೆ ಒಂದೇ ಅಳತೆ. ಯು ಬೋಲ್ಟ್ ಹೊಸದು ಹಾಕಿ. ಒಂದೆರಡು ಡಿಗ್ರಿ ಬದಲಿಸಿದರೆ ಸಾಕು. ಅತಿ ಮಾಡಿದರೆ ಚಕ್ರ ನಡುಗಲು ಶುರುವಾಗುತ್ತದೆ. ಆದರೆ ಬೆಣೆ ಹುಡುಕುವ ಮೊದಲು ಕಿಂಗ್ ಪಿನ್ ಬಿಗಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಪವರ್ ಸ್ಟೇರಿಂಗ್ ಬಿಗಿ ಪಿನ್ನನ್ನು ಕೈಗೆ ಗೊತ್ತಾಗದ ಹಾಗೆ ಮುಚ್ಚಿಬಿಡುತ್ತದೆ.

"ಡೀಸೆಲ್ ಜಾಸ್ತಿ ಕುಡಿತದೇನ್ರಿ?"

ನೇರ ರಸ್ತೆಯಲ್ಲಿ ಆಯಿಲ್ ನಾಲ್ಕೈದು ಬಾರ್ ಒತ್ತಡದಲ್ಲಿ ಸುಮ್ನೆ ಸುತ್ತುತ್ತಿರುತ್ತದೆ. ಅದಕ್ಕೆ ಕಾಲು ಅಶ್ವಶಕ್ತಿಯೂ ಬೇಡ. ತಿರುಗಿಸುವಾಗ ಮೂರು ನಾಲ್ಕು ಅಶ್ವಶಕ್ತಿ, ಅದೂ ಕೆಲವೇ ಸೆಕೆಂಡು. ಮೈಲೇಜ್ ಇಳಿದಿದ್ದರೆ ಅಲೈನ್‌ಮೆಂಟ್ ನೋಡಿಸಿ.

"ಘಾಟಿನಲ್ಲಿ ಎಂಜಿನ್ ಬಂದ್ ಆದ್ರೆ ಏನು ಗತಿ?"

ಇದನ್ನು ಕೇಳದವರಿಗೂ ಹೇಳುತ್ತೇನೆ. ಹಳೇ ಬಾಕ್ಸ್ 30ಕ್ಕೆ 1 ಇತ್ತು, ತುದಿಯಿಂದ ತುದಿಗೆ ಆರೂವರೆ ಸುತ್ತು. ಪವರ್ ಬಾಕ್ಸ್ 20ಕ್ಕೆ 1 ಅಂದುಕೊಂಡರೆ ನಾಲ್ಕೂವರೆ ಸುತ್ತು. ಆಯಿಲ್ ಇದ್ದಾಗ ಇದು ಸುಖ. ಎಂಜಿನ್ ನಿಂತರೆ ಪಂಪ್ ನಿಂತಿತು, ಆಗ ಹಳೇ ಬಾಕ್ಸಿಗಿಂತ ಒಂದೂವರೆ ಪಟ್ಟು ಬಲ ಬೇಕು. ಮೇಲಿನ ಲೆಕ್ಕದ 55 ಕಿಲೋ ಈಗ 80 ದಾಟುತ್ತದೆ. ಜೊತೆಗೆ ಚಂದ ಕಾಣಲಿ ಅಂತ ಚಿಕ್ಕ ವೀಲ್ ಹಾಕಿಸಿದ್ದರೆ ಇನ್ನೂ ಮೇಲೆ. ಓಡುವ ಗಾಡಿಗೆ ಇಷ್ಟು ಬೇಡ, ನಿಜ. ಆದರೆ ಹೇರ್‌ಪಿನ್ ತಿರುವಿನಲ್ಲಿ ನಿಧಾನಕ್ಕೆ ಇಳಿಯುವಾಗ ಅದರ ಹತ್ತಿರವೇ ಬರುತ್ತದೆ.

ಬಳ್ಳಾರಿ, ಸಂಡೂರಿನ ಅದಿರು ಲಾರಿಗಳು ಅರಬೈಲು ಘಾಟ್ ಇಳಿದು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ಕಾಲ ನೋಡಿದವರಿಗೆ ಒಂದು ಕೆಟ್ಟ ಚಾಳಿ ಗೊತ್ತು: ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ, ಎಂಜಿನ್ ಆಫ್ ಮಾಡಿ ಡೀಸೆಲ್ ಉಳಿಸುವುದು. ಹಳೇ ಸ್ಟೇರಿಂಗಿನಲ್ಲಿ ಅದು ಬ್ರೇಕಿನ ಜೊತೆಗಿನ ಜೂಜು ಮಾತ್ರವಾಗಿತ್ತು. ಪವರ್ ಸ್ಟೇರಿಂಗಿನಲ್ಲಿ ಬ್ರೇಕಿನ ಗಾಳಿಯೂ ತುಂಬುವುದಿಲ್ಲ, ವೀಲೂ ಕಲ್ಲಾಗುತ್ತದೆ. ಗಾಡಿ ಕೊಡುವ ಮೊದಲು ನಾನು ಡ್ರೈವರನ್ನು ಕೂರಿಸಿ, ಖಾಲಿ ಮೈದಾನದಲ್ಲಿ ನಡಿಗೆ ವೇಗದಲ್ಲಿ ಎಂಜಿನ್ ನಿಲ್ಲಿಸಿ ಒಂದು ತಿರುವು ತಿರುಗಿಸಲು ಹೇಳುತ್ತೇನೆ. ಒಂದೇ ಸಲ ಸಾಕು, ಆಮೇಲೆ ಯಾರೂ ಕೀಲಿಗೆ ಕೈ ಹಾಕುವುದಿಲ್ಲ.

ಇನ್ನೊಂದು ಮಾತು. ಹಳೇ ಡ್ರೈವರುಗಳು ಹೆಬ್ಬೆರಳನ್ನು ರಿಮ್ಮಿನ ಒಳಗೆ ಸುತ್ತುವುದಿಲ್ಲ, ಮೇಲೆ ಚಾಚಿಡುತ್ತಾರೆ. ಮುಂದಿನ ಟೈರು ಕಲ್ಲಿಗೆ ಬಡಿದಾಗ ವೀಲ್ ಗಿರ್ರನೆ ಸುತ್ತಿ, ಅಡ್ಡಕಂಬಿ ಹೆಬ್ಬೆರಳಿಗೆ ಹೊಡೆಯುತ್ತಿತ್ತು. ಪವರ್ ಸ್ಟೇರಿಂಗಿನಲ್ಲಿ ಆಯಿಲ್ ಆ ಏಟನ್ನು ನುಂಗುತ್ತದೆ. ಆದರೂ ಅಭ್ಯಾಸ ಬಿಡಿಸಬೇಡಿ.

## ಕಾಗದ ಪತ್ರ

"ಎಫ್‌ಸಿಗೆ ಹೋದ್ರೆ ಬ್ರೇಕ್ ಇನ್‌ಸ್ಪೆಕ್ಟರ್ ಏನಂತಾರೆ? ಆರ್‌ಟಿಓಗೆ ಹೇಳ್ಬೇಕಾ?"

ಹೇಳಬೇಕು, ಕೆಲಸಕ್ಕೆ ಮೊದಲೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಮಾರ್ಪಾಡಿನದ್ದು. ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಮಾಲೀಕ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಒಂದೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸ್ಟೇರಿಂಗ್ ಸುರಕ್ಷತೆಯ ಭಾಗ, ಹಾಗಾಗಿ 'ಸಣ್ಣ ಕೆಲಸ' ಅನ್ನುವ ವಾದ ನಡೆಯುವುದಿಲ್ಲ. ನಿಮ್ಮ ಮಾಡೆಲಿನ ವಂಶಕ್ಕೆ ಕಂಪನಿಯೇ ಕೊಟ್ಟ ಬಾಕ್ಸ್ ಹಾಕುತ್ತಿದ್ದೀರಿ ಅಂತ ಭಾಗದ ನಂಬರ್ ಸಮೇತ ಅರ್ಜಿ ಬರೆದು, ಲಿಖಿತ ಅನುಮತಿ ತಗೊಳ್ಳಿ. ಅದರ ನಕಲು ಇನ್ಶೂರೆನ್ಸ್‌ನವರಿಗೂ ಕೊಡಿ.

ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಫಿಟ್ನೆಸ್ ಸರ್ಟಿಫಿಕೇಟ್, ಅಂದರೆ ಎಫ್‌ಸಿ. ಅಲ್ಲಿ ಸ್ಟೇರಿಂಗಿಗೆ 1989ರ ಕೇಂದ್ರ ನಿಯಮಗಳ 98ನೇ ನಿಯಮ ಅನ್ವಯ. ವೀಲಿನ ಮೇಲೆ ಪ್ಲೇ, ಅಂದರೆ ಚಕ್ರ ಅಲುಗದೆ ವೀಲ್ ಮಾತ್ರ ಆಡುವ ಸಡಿಲು, 30 ಡಿಗ್ರಿ ಮೀರಬಾರದು. 55 ಸೆಂಟಿಮೀಟರ್ ವೀಲಿನಲ್ಲಿ ಅದು ರಿಮ್ ಉದ್ದಕ್ಕೆ 14 ಸೆಂಟಿಮೀಟರ್ ಚಿಲ್ಲರೆ. ಬಾಲ್ ಜಾಯಿಂಟುಗಳಿಗೆ ರಬ್ಬರ್ ಕ್ಯಾಪ್ ಇರಬೇಕು. ಬೋಲ್ಟು, ಪಿನ್ನು ಸಡಿಲವಾಗದ ಹಾಗೆ ಲಾಕ್ ಆಗಿರಬೇಕು, ಅಂದರೆ ನಟ್ಟಿಗೆ ಸ್ಪ್ಲಿಟ್ ಪಿನ್. ಪ್ಲೇ ಅಳೆಯುವಾಗ ಎಂಜಿನ್ ಚಾಲೂ ಇರಲಿ, ಇಲ್ಲದಿದ್ದರೆ ಟಾರ್ಷನ್ ಬಾರ್ ತಿರುಚುವುದೂ ಪ್ಲೇ ಅಂತ ಕಾಣುತ್ತದೆ.

"ಹಳೇ ಬಾಕ್ಸನ್ನ ಗುಜರಿಗೆ ಹಾಕ್ಲಾ?"

ಒಂದು ವರ್ಷ ಇಟ್ಟುಕೊಳ್ಳಿ. ಡ್ರಾಪ್ ಆರ್ಮ್, ಬ್ರಾಕೆಟ್, ಬೋಲ್ಟು ಸಮೇತ ಗ್ರೀಸ್ ಬಳಿದು ಗೋಣಿಚೀಲದಲ್ಲಿ ಕಟ್ಟಿ, ಗಾಡಿ ನಂಬರ್ ಬರೆದಿಡಿ. ಕ್ವಾರಿಯಲ್ಲಿ ಪಂಪ್ ಕೈಕೊಟ್ಟು ಸಾಮಾನು ಬರಲು ವಾರ ಹಿಡಿದಾಗ, ಹಳೆಯದನ್ನೇ ವಾಪಸ್ ಕೂರಿಸಿ ಬಾಡಿಗೆ ಉಳಿಸಿಕೊಂಡವರಿದ್ದಾರೆ. ನಮ್ಮ ಶೆಡ್ಡಿನ ಮೂಲೆಯಲ್ಲಿ ಅಂಥ ಮೂರು ಚೀಲ ಈಗಲೂ ಇವೆ. ಒಂದರ ಮಾಲೀಕರು ಲಾರಿಯನ್ನೇ ಮಾರಿಬಿಟ್ಟಿದ್ದಾರೆ, ಬಾಕ್ಸ್ ಮಾತ್ರ ಯಾರಿಗೂ ಕೊಡಬೇಡ ಅಂದಿದ್ದಾರೆ.